ಕಲಾವತಕ್ಕ ಓದಲು ಕೊಟ್ಟ ಯುದ್ಧಗಳು

ಕಲಾವತಕ್ಕ ಬಸ್ಸಿನಲ್ಲಿ ಮಂದಿಯನ್ನು ಎಣಿಸುವಾಗ ಟಿಕೆಟ್ ಮಷೀನಿನತ್ತ ನೋಡುತ್ತಲೇ ಇರಲಿಲ್ಲ. ಮುಂದಿನ ಸೀಟಿನಿಂದ ಹಿಂದಿನ ಸೀಟಿನತನಕ ಒಂದೊಂದು ತಲೆಗೂ ಪೆನ್ನು ತೋರಿಸುತ್ತ, ತುಟಿ ಅಲುಗಿಸುತ್ತ ಹೋಗುವರು. "ಮಷೀನ್ ಟಿಕೇಟ ಎಣಿಸ್ತದ. ನಾ ಮಂದಿ ಎಣಿಸ್ತೀನಿ" ಎನ್ನುವರು. ಬಸವಕಲ್ಯಾಣ–ಹುಮನಾಬಾದ ಬಸ್ಸಿಗೆ ಅವರು ಕಂಡಕ್ಟರ್. ಹುಮನಾಬಾದಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ದಿನಾ ಅದೇ ಬಸ್ಸು ಹಿಡಿಯುತ್ತಿದ್ದೆ.

ಅವರ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಯಾವಾಗಲೂ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇರುತ್ತಿತ್ತು. ರಟ್ಟಿನ ಮೇಲೆ ಕವಚ ತೊಟ್ಟ ಸೈನಿಕರು, ಉರಿಯುವ ಗ್ರಹ, ಬಾಹ್ಯಾಕಾಶದ ಯುದ್ಧನೌಕೆ. ಯಾರೋ ಸೀಟಿನ ಮೇಲೆ ಮರೆತುಹೋದ ಪುಸ್ತಕದಿಂದ ಹತ್ತಿದ ಚಟವದು. ಡ್ರೈವರ್ ರಾಜಪ್ಪ ಕೆಣಕುತ್ತಿದ್ದರು: "ಅಕ್ಕಾ, ಚಂದ್ರನ ಮ್ಯಾಲ ಗಾಡಿ ಎಷ್ಟೊತ್ತು ನಿಲ್ಲಿಸ್ಲಿ?"

"ನೀ ಮೊದಲ ಹುಮನಾಬಾದಕ್ಕ ಟೈಮಿಗಿ ಮುಟ್ಟಸು."

ನನಗೂ ಓದಲು ಒಂದು ಪುಸ್ತಕ ಹೇಳಿರೆಂದಾಗ ಅವರು ಹೊಡೆದಾಟದ ಮಾತನ್ನೇ ಎತ್ತಲಿಲ್ಲ. "ಲಡಾಯಿ ಮುಗಿದ ಮ್ಯಾಲ ಕ್ಯಾಪ್ಟನ್ ಏನ್ ಮಾಡ್ತಾನ ನೋಡು, ತಂಗಿ. ಪದಕ ಹಂಚಾಕ ಹ್ವಾದಾ ಅಂದ್ರ ಮುಚ್ಚಿಡು. ತನ್ನ ಮಂದಿ ಎಣಿಸಿದಾ ಅಂದ್ರ ಓದು." ಅವರು ಕೊಟ್ಟ ಮೊದಲ ಪುಸ್ತಕದಲ್ಲಿ, ಹಾಜರಿಪಟ್ಟಿಯಲ್ಲಿ ಹೆಸರೇ ಇಲ್ಲದ, ಹಿಂದೆಯೇ ಉಳಿದುಹೋದ ಅಡುಗೆಯವನೊಬ್ಬನಿಗಾಗಿ ಇಡೀ ನೌಕೆ ಶತ್ರುಗಳತ್ತ ತಿರುಗುತ್ತದೆ. ನನಗದು ಅತಿ ಎನಿಸಿತು.

"ಒಬ್ಬನ ಸಲುವಾಗಿ ಎಲ್ಲಾರ ಜೀವಾ ಪಣಕ್ಕ ಹಚ್ಚೋದೇನ್ರಿ ಅಕ್ಕಾ?"

"ಆ ಒಬ್ಬ ನೀನಾಗಿದ್ರ ಹಿಂಗ ಕೇಳ್ತಿದ್ದಿಲ್ಲ."

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹುಮನಾಬಾದಿನಲ್ಲಿ ಕುರಿಗಾಹಿ ಮುದುಕನೊಬ್ಬ ಹತ್ತಿದ. ಕಣ್ಣಿಗೆ ದವಾಖಾನೆಯ ಪಟ್ಟಿ, ಹೆಗಲ ಮೇಲೆ ಕಂಬಳಿ, ಜೇಬು ಖಾಲಿ. "ಕೂಡು ಮುತ್ಯಾ" ಎಂದು ಕಲಾವತಕ್ಕ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ನಾನೂ ನೋಡಿದ್ದೆ.

ಅರ್ಧ ದಾರಿಯಲ್ಲಿ ಎಂಜಿನ್ನಿನಿಂದ ಕಪ್ಪು ಹೊಗೆ ನುಗ್ಗಿತು. ಹೇಗೆ ಇಳಿದೆನೋ ತಿಳಿಯದು. ಯಾರದೋ ಕೈ ತುಳಿದದ್ದು ಮಾತ್ರ ನೆನಪಿದೆ. ಕಲಾವತಕ್ಕ ಮಷೀನನ್ನು ನನ್ನ ಕೈಗೆ ತುರುಕಿ, ರಸ್ತೆಯ ಮೇಲೆ ನಿಂತವರನ್ನು ಎಣಿಸಿದರು. ಮೂವತ್ತೊಂದು. ಮಷೀನಿನಲ್ಲೂ ಮೂವತ್ತೊಂದು.

"ಬರೋಬ್ಬರಿ ಅದ ಅಕ್ಕಾ, ಎಲ್ಲಾರೂ ಬಂದಾರ" ಎಂದೆ.

ಪಾಠದ ನಡುವೆ, ಊಟದ ನಡುವೆ ನನ್ನ ಆ ದನಿ ಈಗಲೂ ಕೇಳಿಸುತ್ತದೆ.

"ಇಲ್ಲ, ಮೂವತ್ತೆರಡು. ಮುತ್ಯಾಗ ನಾ ಟಿಕೇಟ ಕೊಟ್ಟಿಲ್ಲ" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ರಾಜಪ್ಪ ತೋಳು ಹಿಡಿದರು: "ಡೀಸೆಲ್ ಟ್ಯಾಂಕ್ ಅದ ಅಕ್ಕಾ, ಬ್ಯಾಡ." ಅವರು ಕೊಡವಿಕೊಂಡು ಹೊಗೆಯೊಳಗೆ ಹೋದರು. ನಾನು ಮಷೀನು ಹಿಡಿದು ನಿಂತೇ ಇದ್ದೆ. ಹೊರಬಂದಾಗ ಒಂದೇ ಕಂಬಳಿಯಡಿ ಇಬ್ಬರಿದ್ದರು. ಅವರು ಹತ್ತು ಹೆಜ್ಜೆ ಬರುವಷ್ಟರಲ್ಲಿ ಗಾಜುಗಳು ಸಿಡಿದವು.

ಟಿಕೆಟ್ಟಿಲ್ಲದವನನ್ನು ಹತ್ತಿಸಿಕೊಂಡದ್ದೇಕೆಂದು ಕಚೇರಿಯಿಂದ ನೋಟಿಸು ಬಂತು. "ಗದ್ದಲದಾಗ ಟಿಕೇಟ ಕೊಡೂದು ಉಳೀತು ಅಂತ ಬರೀರಿ, ನೌಕರಿ ಉಳೀತದ" ಎಂದರು ರಾಜಪ್ಪ. ಬಸವಕಲ್ಯಾಣದ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಸುಟ್ಟ ಕೈಗೆ ಪಟ್ಟಿ ಸುತ್ತಿಕೊಂಡೇ ಅವರು ಉತ್ತರ ಬರೆದರು: "ಗೊತ್ತಿದ್ದೇ ಕೂರಿಸಿದೆ. ಟಿಕೆಟ್ ಕೊಟ್ಟಿಲ್ಲ. ಎಣಿಸಿದ್ದೆ."

ಮೊದಲು ಅಮಾನತು, ಆಮೇಲೆ ದೂರದ ಡಿಪೋಗೆ ವರ್ಗ. ಹೊರಡುವ ದಿನ ಅವರಿಗಿದ್ದ ಚಿಂತೆ ಬೇರೆಯೇ: "ಬಸ್ಸಿನಾಗ ಸುಟ್ಟ ಪುಸ್ತಕ ಅರ್ಧಾನೇ ಓದಿದ್ದೆ ತಂಗಿ. ಕ್ಯಾಪ್ಟನ್ ಎಣಿಸಿದನೋ ಇಲ್ಲೋ, ಸಿಕ್ಕರ ಓದಿ ಹೇಳು."

ಹುಡುಕಿ ತರಿಸಿ ಓದಿದೆ. ಅವನು ಎಣಿಸುವುದಿಲ್ಲ. ಫೋನಿನಲ್ಲಿ ಹೇಳಿದಾಗ "ಹಂಗಾರ ನಿನ್ನ ಸಾಲಿ ಹುಡುಗರಿಗಿ ಕೊಡಬ್ಯಾಡ" ಎಂದಷ್ಟೇ ಅಂದರು.

ಈಗಿನ ಕಂಡಕ್ಟರ್ ಮಷೀನು ನೋಡಿ ಸೀಟಿ ಊದುತ್ತಾನೆ. ನಾನು ಎದ್ದು ನಿಂತು, ಮುಂದಿನ ಸೀಟಿನಿಂದ ಶುರುಮಾಡುತ್ತೇನೆ.

"ಏನ್ ಮಾಡಾಕತ್ತೀರಿ ಮೇಡಂ? ಕೂಡ್ರಿ."

"ತಡಿ ತಮ್ಮಾ, ಹಿಂದಿನ ಸೀಟ್ ಉಳಿದದ" ಎನ್ನುತ್ತೇನೆ.