ಪಲ್ಲಾವರಂ ಸಂತೆಗೆ ಮರಳಿದ ಗಂಟಲು

ಚೆನ್ನೈ ಅಂಚಿನ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ವಿಮಾನ ತಲೆಯ ಮೇಲೆ ಇಳಿದು ಬರುವಾಗ ವ್ಯಾಪಾರಿಗಳೆಲ್ಲ ಬಾಯಿ ಮುಚ್ಚುತ್ತಾರೆ. ಕೂಗಿದರೆ ಯಾರಿಗೆ ಕೇಳಬೇಕು? ಮುಚ್ಚದವಳು ಒಬ್ಬಳೇ, ರೊಟ್ಟಿ ಮಾರುವ ಶಿವಗಂಗಮ್ಮ. ಕೊಟ್ಟೂರಿನಿಂದ ಮದುವೆಯಾಗಿ ಬಂದು, ಗಂಡ ದೊಡ್ಡಬಸಪ್ಪನ ಪಕ್ಕದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹರವಿಕೊಂಡು ಕೂತವಳು ಮೊದಲು ಕಲಿತ ತಮಿಳೇ "ವಾಂಗಮ್ಮಾ, ವಾಂಗ". ಬನ್ನಿರಮ್ಮಾ, ಬನ್ನಿ ಎಂಬ ಆ ಕರೆ ಗಿಡ ಮಾರುವವರ ಸಾಲು ದಾಟಿ, ಹಳೇ ಪಾತ್ರೆಯವರನ್ನೂ ದಾಟಿ, ಬಸ್ಸು ನಿಲ್ಲುವ ರಸ್ತೆಯ ತನಕ ಹೋಗುತ್ತಿತ್ತು. ಜನ ರೊಟ್ಟಿಗೆ ಬರುತ್ತಿದ್ದರೋ ಆ ದನಿಗೆ ಬರುತ್ತಿದ್ದರೋ, ದೊಡ್ಡಬಸಪ್ಪನಿಗೂ ಗೊತ್ತಿರಲಿಲ್ಲ.

ಅಂಥ ಗಂಟಲು ಕೂತುಹೋಯಿತು. ನೆಗಡಿಯೆಂದು ಮೆಣಸಿನ ಕಷಾಯ ಕುಡಿದದ್ದಾಯಿತು, ಅರಿಸಿನದ ಹಾಲೂ ಆಯಿತು. ದನಿ ಬರಲಿಲ್ಲ, ಬದಲಿಗೆ ಬೇರೆ ಬೇರೆ ಕಾಟ ಬಂದವು. ಮುಖ ಊದಿಕೊಂಡಿತು. ಊಟ ಕಡಿಮೆಯಾದರೂ ಮೈ ಭಾರವಾಯಿತು. ರೊಟ್ಟಿ ತಟ್ಟುವ ಕೈ ನಿಧಾನವಾಗಿ, ಕೂತಲ್ಲೇ ತೂಕಡಿಕೆ ಹತ್ತತೊಡಗಿತು. ಚೆನ್ನೈನ ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಶಾಲು ಹೊದ್ದು ಕೂತ ಹೆಂಗಸನ್ನು ನೋಡಿ ಸಂತೆಯೆಲ್ಲ ನಕ್ಕಿತು. ಮುಪ್ಪು ಬಂತು, ಇನ್ನೇನು ಅಂತ ಅವಳೂ ಒಪ್ಪಿಕೊಂಡಳು.

ಮಗ ಕುಮಾರಸ್ವಾಮಿ ಬ್ಯಾಟರಿಯ ಸ್ಪೀಕರೊಂದನ್ನು ತಂದು, ತನ್ನ ದನಿಯಲ್ಲೇ ಕೂಗಿ ರೆಕಾರ್ಡ್ ಮಾಡಿಟ್ಟ. ಅದು ಎದುರಿಗೆ ಗಿರಾಕಿ ನಿಂತಿದ್ದರೂ ಒದರುತ್ತಿತ್ತು, ಯಾರೂ ಇಲ್ಲದಿದ್ದರೂ ಒದರುತ್ತಿತ್ತು. ಬರುವ ಪೊಂಗಲ್ ಆದಮೇಲೆ ಅಮ್ಮ ಮನೆಯಲ್ಲಿರಲಿ, ಸಂತೆ ನಾವು ನೋಡಿಕೊಳ್ಳುತ್ತೇವೆ ಎಂದು ಮಗ, ಸೊಸೆ ಸಂಗೀತಾ ಇಬ್ಬರೂ ಪ್ರೀತಿಯಿಂದಲೇ ಹೇಳಿದರು. ಶಿವಗಂಗಮ್ಮನಿಗೆ ಎದೆ ಒಡೆದಂತಾಯಿತು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸಂಗೀತಾಳೇ ಅತ್ತೆಯನ್ನು ಗಿಂಡಿಯ ಡಾಕ್ಟರ್ ಶ್ರೀವಿದ್ಯಾರ ಬಳಿ ಕರೆದೊಯ್ದಳು. ಮೈಲಾಪೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು ಆ ಡಾಕ್ಟರ್. ಕತ್ತು ಮುಟ್ಟಿ ನೋಡಿದರು, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಬಿಡಿಸಿ ಹೇಳಿದರು. ಕತ್ತಿನ ಮುಂದೆ ಥೈರಾಯ್ಡ್ ಎಂಬ ಗ್ರಂಥಿಯಿದೆ. ಅದರ ರಸ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ಎದೆಬಡಿತ, ಮೈಯ ಕಾವು, ಕರುಳು, ಚುರುಕುತನ ಎಲ್ಲದಕ್ಕೂ ವೇಗ ಕೊಡುವುದು ಅದೇ. ಈಗ ಆ ಗ್ರಂಥಿ ಸೋತಿದೆ, ಗಂಟಲು ಕೂತದ್ದೂ ಮುಖ ಊದಿದ್ದೂ ಅದರಿಂದಲೇ. ಮಿದುಳಿನ ಅಡಿಯಲ್ಲಿ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿಯಿದೆ, ಥೈರಾಯ್ಡನ್ನು ಎಬ್ಬಿಸಿ ದುಡಿಸುವುದು ಅದರ ಕೆಲಸ.

"ಇದು ಏಳ್ತಿಲ್ಲ ಅಂತ ಅದು ಜೋರಾಗಿ ಕೂಗ್ತಾನೇ ಇದೆ ಅಮ್ಮಾ," ಎಂದರು ಡಾಕ್ಟರ್. "ರಕ್ತದ ತುಂಬಾ ಅದರ ಕೂಗೇ. ಕೇಳೋರಿಲ್ಲ."

ಕೂಗಿ ಕೂಗಿ ಯಾರೂ ತಿರುಗಿ ನೋಡದ ಸಂಕಟ ಶಿವಗಂಗಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಂಡಿಲ್ಲದ ಆ ಬಟಾಣಿಯ ಮೇಲೆ ಅವಳಿಗೆ ಅಯ್ಯೋ ಎನ್ನಿಸಿತು. ಇದು ಮುಪ್ಪಲ್ಲ, ಕಾಯಿಲೆ. ಗ್ರಂಥಿ ಕೊಡಬೇಕಾದ ಹಾರ್ಮೋನನ್ನೇ ಮಾತ್ರೆಯಾಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಸರಿಹೋಗುತ್ತದೆ ಎಂದು ಕೇಳಿ, ಅವಳು ಬಹಳ ದಿನದ ಮೇಲೆ ನಕ್ಕಳು.

ಆದರೆ ಸರಿಹೋಗಲಿಲ್ಲ. ಒಂದು ದಿನವೂ ತಪ್ಪಿಸದೆ ನುಂಗಿದರೂ ಮುಂದಿನ ಪರೀಕ್ಷೆಯಲ್ಲಿ ಆ ಬಟಾಣಿಯ ಕೂಗು ಹಾಗೇ ಇತ್ತು. ಡಾಕ್ಟರ್ ಮಾತ್ರೆಯ ಬಲ ಹೆಚ್ಚಿಸಿದರು. ಆಗಲೂ ಅಷ್ಟೇ. ಅದು ಬರೀ ಸುಣ್ಣದ ಪುಡಿ ಎಂದು ದೊಡ್ಡಬಸಪ್ಪ ತೀರ್ಪು ಕೊಟ್ಟ. ನವರಾತ್ರಿಯ ಹೊತ್ತಿಗೆ ಮತ್ತೆ ಹೋದಾಗ, ನಿಜವಾಗಿಯೂ ಖಾಲಿ ಹೊಟ್ಟೆಯಲ್ಲೇ ತಗೊಳ್ತೀರಾ ಎಂದು ಡಾಕ್ಟರ್ ಕೇಳಿಬಿಟ್ಟರು.

ಶಿವಗಂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಲಿಂಗ ಕಟ್ಟಿಸಿಕೊಂಡ ದಿನದಿಂದ ಇವತ್ತಿನವರೆಗೆ, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವ ತನಕ ಒಂದು ಹನಿ ನೀರು ಬಾಯಿಗೆ ಬಿಟ್ಟವಳಲ್ಲ ಅವಳು. ಅವಳಿಗಿಂತ ಖಾಲಿ ಹೊಟ್ಟೆ ಈ ಊರಲ್ಲಿ ಯಾರದ್ದಿದೆ? ಡಾಕ್ಟರ್ ಪೆನ್ನು ಕೈಗೆತ್ತಿಕೊಂಡು, ಪೂಜೆ ಆದಮೇಲೆ ಏನು ಮಾಡುತ್ತೀರಿ ಎಂದು ಸುಮ್ಮನೆ ಕೇಳಿದರು.

"ಮಾತ್ರಿ ಬಾಯಾಗ ಹಾಕ್ಕೊಂಡು ಕಾಫಿ ಕುಡೀತೀನ್ರಿ."

"ಕಾಫಿ ಜೊತೇನಾ?"

"ಹೂಂ ಮತ್ತ. ಕಾಫಿ ಏನ್ ಊಟ ಏನ್ರೀ? ಅದು ಹೊಟ್ಟಿಗಲ್ಲ, ಜೀವಕ್ಕ."

ಡಾಕ್ಟರ್ ಪೆನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಲು ಹಾಕಿದ ಆ ಗಟ್ಟಿ ಕಾಫಿ ಕರುಳಲ್ಲೇ ಮಾತ್ರೆಯನ್ನು ತಡೆದುಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ ಎಂದರು. ಪೂಜೆ ಬಿಡಬೇಕಿಲ್ಲ. ಪೂಜೆಯಾದ ಮೇಲೆ ಬರೀ ನೀರಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ. ಇನ್ನು ಮಾತ್ರೆ ಪೂರ್ತಿ ಮೈಗೆ ಹತ್ತುತ್ತದೆಯಾದ್ದರಿಂದ ಬಲವನ್ನು ಮೊದಲಿನಷ್ಟಕ್ಕೇ ಇಳಿಸಿದರು.

ಆ ಒಂದು ಗಂಟೆ! ಸಂಗೀತಾ ಫಿಲ್ಟರಿಗೆ ನೀರು ಹುಯ್ದರೆ ಮನೆಯೆಲ್ಲ ಡಿಕಾಕ್ಷನ್ ಘಮ. ದೊಡ್ಡಬಸಪ್ಪ ಕನಿಕರಪಟ್ಟು ಲೋಟ ಹಿಡಿದು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಕುಡಿದ. ಅಲ್ಲಿಂದಲೂ ಕಿಟಕಿಯ ಮೂಲಕ ವಾಸನೆ ಬಂತು. ಅವಳು ಹಲ್ಲುಕಚ್ಚಿ ಹಿಟ್ಟು ನಾದುತ್ತಾ ಕೂತಳು, ದಿನವೂ ಹಾಗೆಯೇ.

ಮೊದಲು ಶಾಲು ಹೋಯಿತು. ಆಮೇಲೆ ಮುಖದ ಊತ ಇಳಿಯಿತು, ಕೈಗೆ ಹಳೆಯ ಚುರುಕು ಬಂತು. ಒಂದು ಬೆಳಿಗ್ಗೆ ನಲ್ಲಿ ಬಂದ್ ಮಾಡದೆ ಹೋಗಿದ್ದ ಗಂಡನನ್ನು ಅವಳು ಬೈದದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಬೈಸಿಕೊಂಡವನು ಓಡಿಬಂದು ಸೊಸೆಗೆ ಹೇಳಿದ, "ಬಂತವ್ವ, ದನಿ ಬಂತು." ಅವನ ಕಣ್ಣು ಒದ್ದೆಯಾಗಿತ್ತು. ಮುಂದಿನ ರಕ್ತ ಪರೀಕ್ಷೆಯಲ್ಲಿ ಆ ಬಟಾಣಿಯೂ ಕೂಗು ನಿಲ್ಲಿಸಿ ತಣ್ಣಗಾಗಿತ್ತು.

ಪೊಂಗಲ್ ಮುಂಚಿನ ಶುಕ್ರವಾರ ಸಂತೆಯಲ್ಲಿ ಕಬ್ಬು, ಅರಿಸಿನದ ಗಿಡ, ಮಣ್ಣಿನ ಗಡಿಗೆ, ಕಾಲಿಡಲು ಜಾಗವಿಲ್ಲ. ರೊಟ್ಟಿಯ ಮುಂದೆ ಸ್ಪೀಕರ್ ತನ್ನ ಪಾಡಿಗೆ ಒದರುತ್ತಿತ್ತು.

"ಕುಮಾರಾ, ಅದನ್ನ ಬಂದ್ ಮಾಡಪ್ಪ," ಎಂದಳು ಶಿವಗಂಗಮ್ಮ.

ಮಗ ಅನುಮಾನಿಸುತ್ತಲೇ ಬಂದ್ ಮಾಡಿದ. ಅಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಬಂತು, ಸಂತೆ ಬಾಯಿ ಮುಚ್ಚಿತು. ಅವಳು ಬಾಯಿ ತೆರೆದಳು. "ವಾಂಗಮ್ಮಾ, ವಾಂಗ!" ಆ ಬದಿಯ ಸಾಲಿನಲ್ಲಿ ಗಡಿಗೆ ಆರಿಸುತ್ತಿದ್ದ ಹೆಂಗಸರು ತಟ್ಟನೆ ತಿರುಗಿದರು. ಗಿಡದವಳು ನಗುತ್ತಾ ಕೈಬೀಸಿ, ಅಕ್ಕನ ದನಿ ಮರಳಿತೆಂದು ಪಕ್ಕದವರಿಗೆಲ್ಲ ತಮಿಳಲ್ಲಿ ಸಾರಿದಳು. ನೋಡನೋಡುತ್ತಾ ರೊಟ್ಟಿಯ ಮುಂದೆ ಜನ ಮುತ್ತಿಕೊಂಡರು.

ಕುಮಾರಸ್ವಾಮಿ ಸ್ಪೀಕರಿನ ವೈರು ಸುತ್ತಿ ಬುಟ್ಟಿಯ ಕೆಳಗಿಟ್ಟ. ಶಿವಗಂಗಮ್ಮ ರೊಟ್ಟಿ ಕಟ್ಟಿಕೊಡುತ್ತಲೇ ಮಗ ಸೊಸೆಯರ ಕಡೆ ತಿರುಗಿದಳು.

"ಪೊಂಗಲ್ ಆದಮ್ಯಾಲೆ ನೀವಿಬ್ರೂ ಮನ್ಯಾಗ ಇರ್ರಿ. ಸಂತಿ ನಾ ನೋಡ್ಕೋತೀನಿ."