ಅಕ್ಕನ ಗೋಡೆಯ ಕುರಿಮರಿ

ನಾನು ಚಿಕ್ಕವನಿದ್ದಾಗ ನ್ಯಾಮತಿಯ ಸಂತೆಗೆ ಹೋಗುವ ಗಾಡಿಗಳೆಲ್ಲ ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಿದ್ದವು. ಅಪ್ಪ ಗಾಡಿ ಚಕ್ರ ಮಾಡುವ ಬಡಗಿ. ಅದಕ್ಕೇ ನಿಲ್ಲುತ್ತಿದ್ದವು ಅಂದುಕೊಂಡಿರಾ? ಅಲ್ಲವೇ ಅಲ್ಲ. ಅವರು ನಿಲ್ಲುತ್ತಿದ್ದದ್ದು ನಮ್ಮ ಅಕ್ಕನ ಗೋಡೆ ನೋಡಲಿಕ್ಕೆ.

ರಸ್ತೆಗೆ ಮುಖ ಮಾಡಿದ ಉದ್ದನೆಯ ಮಣ್ಣಿನ ಗೋಡೆ ಅದು. ಹಬ್ಬ ಬಂದರೆ ಎಲ್ಲರ ಮನೆಯ ಹೆಣ್ಣುಮಕ್ಕಳೂ ಗೋಡೆಗೆ ಕೆಮ್ಮಣ್ಣು ಸಾರಿಸಿ, ಸುಣ್ಣದಲ್ಲಿ ಬಳ್ಳಿ, ಗಿಳಿ, ಬಾಳೆಕಂದು ಬರೆಯುತ್ತಿದ್ದರು. ಒಮ್ಮೆ ಬರೆದರೆ ಮುಂದಿನ ಹಬ್ಬದವರೆಗೂ ಅದೇ ಗಿಳಿ. ಅಕ್ಕನಿಗೆ ಅದು ಸಾಕಾಗಲಿಲ್ಲ. ಅವಳಿಗಾಗ ಹದಿಮೂರೋ ಹದಿನಾಲ್ಕೋ ವಯಸ್ಸು. ಅಕ್ಷರ ಬಾರದು, ಆದರೆ ಕೈ ಮಾತ್ರ ದೇವರು ಕೊಟ್ಟ ಕೈ. ಒಂದು ಸಂತೆಗೆ ಗೋಡೆಯ ತುಂಬ ಒಬ್ಬ ಅಜ್ಜಿಯನ್ನು ಬರೆದಳು. ಗೂನು ಬೆನ್ನು, ತುದಿ ಮುರಿದ ಕೋಲು, ತಲೆಯಿಂದ ಬೆನ್ನಿಗೆ ಇಳಿಬಿದ್ದ ಕಂಬಳಿ. ಪಕ್ಕದಲ್ಲಿ ಒಂದು ಕರಿ ಕುರಿಮರಿ, ಅದರ ಒಂದು ಕಿವಿ ಮಾತ್ರ ಬಿಳಿ. ಮುಂದಿನ ಸಂತೆಯ ಹೊತ್ತಿಗೆ ಅದನ್ನೆಲ್ಲ ಅಳಿಸಿ, ಮತ್ತೆ ಕೆಮ್ಮಣ್ಣು ಸಾರಿಸಿ ಹೊಸ ಚಿತ್ರ ಬರೆದಳು. ಗೂಟ ಇದೆ, ಹಗ್ಗ ಇದೆ, ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಾಳೆ. ಮರಿ ಇಲ್ಲ!

ಅಲ್ಲಿಂದ ಶುರುವಾಯಿತು ನೋಡಿ ಗಮ್ಮತ್ತು. ಸಂತೆಗೊಂದು ಚಿತ್ರ. ಅಜ್ಜಿ ನರಿಯನ್ನು ಕೇಳಿದಳು. ಬಾವಿಯಲ್ಲಿ ಇಣುಕಿದಳು. ಸಾಹುಕಾರರ ಹಿತ್ತಲಿಗೆ ನುಗ್ಗಿ ನಾಯಿ ಕೈಲಿ ಅಟ್ಟಿಸಿಕೊಂಡಳು. ಮೊದಮೊದಲು ಒಂದಿಬ್ಬರು ನಿಂತು ನೋಡಿದರು. ಆಮೇಲೆ ಗಾಡಿಗಳು ನಿಂತವು. ಮೆಣಸಿನಕಾಯಿ ಮೂಟೆಯ ಘಾಟು, ಎತ್ತಿನ ಕೊರಳ ಗಂಟೆ, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡವರ ಜಗಳ, ಎಲ್ಲ ನಮ್ಮ ಜಗಲಿಯ ಮುಂದೆಯೇ.

"ನರಿ ತಿಂದೈತೆ ಕಣಯ್ಯ, ಅದರ ಹೊಟ್ಟೆ ನೋಡು ಹೆಂಗೈತೆ!"

"ತಿಂದಿದ್ರೆ ಅಜ್ಜಿ ಸುಮ್ಮನಿರ್ತಿದ್ಲಾ? ಸಾಹುಕಾರನ ಮನೆಯಾಗೇ ಐತೆ ತಗ."

ದೊಡ್ಡವಳಾದ ಹುಡುಗಿ ರಸ್ತೆಗೆ ಬಂದು ನಿಲ್ಲುವ ಕಾಲವಲ್ಲ ಅದು. ಅಕ್ಕ ನಸುಕಿನಲ್ಲೇ ಬರೆದು ಮುಗಿಸಿ, ಕಿಟಕಿಯ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ನೋಡುವವರಲ್ಲಿ ಒಬ್ಬ ಅಜ್ಜನನ್ನು ನಾನು ಮರೆಯಲಾರೆ. ಜಗಳೂರು ಕಡೆಯ ಸೊಕ್ಕೆ ಅನ್ನುವ ಊರಿನವನು. ಕುರಿಮಂದೆ ಹೊಡೆದುಕೊಂಡು ನಮ್ಮ ಕಡೆಗೆ ಬಂದಿದ್ದ. ಗೊಬ್ಬರಕ್ಕೆಂದು ರೈತರು ಅವನ ಕುರಿಗಳನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಮೊದಲ ಸಲ ಗೋಡೆ ನೋಡಿದಾಗಲೇ ಅವನು ರೇಗಿದ್ದ. "ಯಾರವ್ವ ಇದನ್ನ ಬರದಾಕಿ? ಕುರಿ ಕಿವಿ ಹಿಂಗೆ ನೆಟ್ಟಗಿರ್ತಾವೇನು? ಜೋಲಾಡ್ತಾವವ್ವ, ಜೋಲಾಡ್ತಾವೆ!" ಮುಂದೊಂದು ಚಿತ್ರದಲ್ಲಿ ಅಜ್ಜಿ, ನನ್ನ ಮರಿ ಹೀಗಿತ್ತು ಅನ್ನುವಂತೆ, ಕಂಡವರಿಗೆಲ್ಲ ಕೈಯಾಡಿಸಿ ಜೋಲಾಡುವ ಕಿವಿ ತೋರಿಸುತ್ತಿದ್ದಳು. ಅಜ್ಜ ಗೋಡೆಗೆ ಮುಖವಿಟ್ಟು ನೋಡಿ, "ಹ್ಞಾ, ಈಗ ಕುರಿ ಆತು" ಅಂದ. ಆಮೇಲೆ ನನ್ನನ್ನು ಕರೆದು, "ಲೇ ತಮ್ಮ, ಅಜ್ಜಿ ಕಂಬಳಿ ಮ್ಯಾಲೆ ಸುಣ್ಣ ಸಿಡದೈತೆ, ಒರೆಸು" ಅಂದ. ನಾನು ಕೈ ಚಾಚಿದ್ದೇ ತಡ, ಕಿಟಕಿಯಿಂದ ಅಕ್ಕ, "ಮುಟ್ಟಬ್ಯಾಡ!" ಎಂದು ಗದರಿದಳು. ಒಂದು ಸುಣ್ಣದ ಚುಕ್ಕೆಗೆ ಇಷ್ಟು ಸಿಟ್ಟೇ ಅಂತ ನನಗೆ ಆಶ್ಚರ್ಯವಾಯಿತು.

ಅಪ್ಪನಿಗೆ ಅಕ್ಕ ಅಂದರೆ ಪ್ರಾಣ. ಸಂತೆಯ ಹಿಂದಿನ ದಿನ ಬಾಚಿ, ಉಳಿ ಎಲ್ಲ ಬದಿಗಿಟ್ಟು, ಸುಣ್ಣ ಸೋಸಿ ಕೊಡುತ್ತಿದ್ದ. ಬಾಣಲೆಯ ತಳದ ಮಸಿ ಕೆರೆದು ಎಣ್ಣೆಯಲ್ಲಿ ಕಲಸುತ್ತಿದ್ದ. ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡುತ್ತಿದ್ದ. ಕಥೆಯ ಕೊನೆ ಏನು ಅಂತ ನಾನು ಎಷ್ಟು ಗೋಗರೆದರೂ ಅಕ್ಕ ಹೇಳಲಿಲ್ಲ. "ನೀನು ಬಾಯಿಬಡುಕ. ಊರೆಲ್ಲ ಡಂಗುರ ಹೊಡಿತೀಯ" ಅಂದಳು. ಅಪ್ಪನೊಬ್ಬನಿಗೆ ಮಾತ್ರ ಕಿವಿಯಲ್ಲಿ ಹೇಳಿದಳು. ಅಪ್ಪ ಕೇಳಿ, ಕೈಲಿದ್ದ ಕಡ್ಡಿ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕೊನೆಯ ಚಿತ್ರದ ಸಂತೆಗೆ ಇನ್ನು ಕೆಲವೇ ದಿನ ಇತ್ತು. ಸೊಕ್ಕೆಯ ಅಜ್ಜನ ಜೊತೆಯವರು ಮಂದೆ ಹೊಡೆದುಕೊಂಡು ಊರಿಗೆ ಹೊರಟಿದ್ದರು. ಇವನು ಮಾತ್ರ, "ಮರಿ ಸಿಗೋತನಕ ನಾ ಬರಾಕಿಲ್ಲ, ನೀವು ನಡೀರಿ" ಅಂದುಬಿಟ್ಟಿದ್ದ. ಅಕ್ಕ ಆ ಮಾತನ್ನು ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲಿ ಹೇಳಿಸಿಕೊಂಡಳು. ಒಬ್ಬ ಮನುಷ್ಯ ತನ್ನ ಚಿತ್ರಕ್ಕಾಗಿ ಕಾಯುತ್ತಿದ್ದಾನೆ! ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಹೊತ್ತಿಗೆ ಊರಿಗೆ ಚಹಾದವನು ಬಂದ. ನಮ್ಮ ಕಡೆ ಆಗ ಚಹಾ ಅಂದರೆ ಯಾರಿಗೂ ಗೊತ್ತಿರಲಿಲ್ಲ. ರಾಗಿ ಅಂಬಲಿ, ಮಜ್ಜಿಗೆ, ಅಷ್ಟೇ. ರುಚಿ ಹತ್ತಿಸಲಿಕ್ಕೆಂದು ಚಹಾ ಕಂಪನಿಯವರು ಪುಕ್ಕಟೆ ಹಂಚುತ್ತಿದ್ದರು. ಕೋಟು ತೊಟ್ಟ ಏಜೆಂಟು, ಹೊಳೆಯುವ ಹಿತ್ತಾಳೆಯ ಹಂಡೆ, ಜೊತೆಗೆ ಎಣ್ಣೆ ಬಣ್ಣದ ಡಬ್ಬಿ ಹಿಡಿದ ಒಬ್ಬ ಪೇಂಟರ್. ಅಕ್ಕನ ಗೋಡೆಯ ಮುಂದೆ ಸೇರಿದ್ದ ಜನರನ್ನು ನೋಡಿ ಆ ಏಜೆಂಟು ಅಲ್ಲೇ ನಿಂತುಬಿಟ್ಟ. ಆಮೇಲೆ ಅಪ್ಪನ ಪಕ್ಕ ಜಗಲಿಯಲ್ಲಿ ಕೂತು, "ಯಜಮಾನ್ರೇ, ಯಜಮಾನ್ರೇ" ಅಂತ ಬಹಳ ಹೊತ್ತು ಮಾತಾಡಿದ. ನಮ್ಮ ಅಪ್ಪನನ್ನು ಅಲ್ಲಿಯವರೆಗೆ ಯಾರೂ ಯಜಮಾನ್ರೇ ಅಂದಿರಲಿಲ್ಲ.

ಮರುದಿನ ಅಪ್ಪ, "ಹೊನ್ನಾಳಿಗೆ ಹೋಗಿ ಅತ್ತೆನ ನೋಡ್ಕೊಂಡು ಬರ್ರಿ, ತಮ್ಮನ್ನೂ ಕರ್ಕೊಂಡು ಹೋಗವ್ವ" ಅಂದ. ಅಕ್ಕ, "ಸಂತೆ ಚಿತ್ರ?" ಎಂದಳು. "ಸಂತೆ ದಿನ ಹೊತ್ತು ಮೂಡಾಕೆ ಮುಂಚೆ ಇಲ್ಲಿರ್ತೀರಿ. ಗೋಡೆ ಸಾರಿಸಿ, ಸುಣ್ಣ ಕಲಸಿಟ್ಟಿರ್ತೀನಿ. ನಾನಿಲ್ವಾ?" ಅಂದ.

ನಾನಿಲ್ವಾ ಅಂದ! ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಗಾಡಿ ತಡವಾಯಿತು. ನ್ಯಾಮತಿ ಮುಟ್ಟುವಾಗ ಬಿಸಿಲು ಏರಿತ್ತು. ಮನೆಯ ಮುಂದೆ ಎಂದೂ ಇಲ್ಲದಷ್ಟು ಜನ. ಬೆಲ್ಲ, ಹಾಲು ಕುದಿಯುವ ವಾಸನೆ, ಜೊತೆಗೆ ಮೂಗಿಗೆ ಚುಚ್ಚುವ ಎಣ್ಣೆ ಬಣ್ಣದ ವಾಸನೆ. ಅಕ್ಕ ಗಾಡಿಯಲ್ಲೇ ಎದ್ದು ನಿಂತಳು.

ಗೋಡೆಯ ಮೇಲೆ ಅಜ್ಜಿ ಇದ್ದಳು. ನಮ್ಮ ಅಜ್ಜಿಯೇ. ಅದೇ ಗೂನು, ಅದೇ ಮುರಿದ ಕೋಲು. ಆದರೆ ಕುರ್ಚಿಯ ಮೇಲೆ ಕೂತು, ಕೈಯಲ್ಲಿ ಚಹಾದ ಕಪ್ಪು ಹಿಡಿದು ಹಲ್ಲು ಕಿರಿಯುತ್ತಿದ್ದಳು. ಅವಳ ಬೆನ್ನ ಮೇಲಿನ ಕಂಬಳಿಯ ಮಡಿಕೆಯಿಂದ ಒಂದು ಚಹಾ ಪುಡಿಯ ಪೊಟ್ಟಣ ಇಣುಕುತ್ತಿತ್ತು. ಮೇಲೆ ಮೊಳದುದ್ದದ ಅಕ್ಷರ: ಊರೆಲ್ಲ ಏಕೆ ಹುಡುಕುವಿರಿ? ಚಹಾ ಕುಡಿಯಿರಿ! ಕೆಳಗೆ ಅಪ್ಪನ ಹೆಸರು, ಇಲ್ಲಿ ಗಾಡಿ ಚಕ್ರಗಳನ್ನು ಮಾಡಿಕೊಡಲಾಗುವುದು ಅಂತ. ಏಜೆಂಟು ಅಪ್ಪನಿಗೆ ದುಡ್ಡು ಕೊಟ್ಟಿರಲಿಲ್ಲ ಮಕ್ಕಳೇ. ಒಂದು ಬೋರ್ಡು ಬರೆಸಿಕೊಟ್ಟಿದ್ದ, ಅಷ್ಟೇ.

ಜನ ಬಿದ್ದು ಬಿದ್ದು ನಗುತ್ತಿದ್ದರು. ವಾರವಾರ ಬಂದು ಅಜ್ಜಿಗಾಗಿ ಮರುಗಿದವರು, ನರಿಗೆ ಬೈದವರು, ಎಲ್ಲರೂ ಕೈಯಲ್ಲಿ ಲೋಟ ಹಿಡಿದು ಉಫ್ ಉಫ್ ಎಂದು ಊದಿಕೊಂಡು ಕುಡಿಯುತ್ತಿದ್ದರು. "ಕಂಕುಳಾಗೆ ಕೂಸಿಟ್ಕೊಂಡು ಊರೆಲ್ಲ ಹುಡುಕಿದಂಗಾತಲ್ಲೋ!" ಅಂತ ಒಬ್ಬ ಕೂಗಿದ. ಆಗ ನನ್ನ ತಲೆಗೆ ಹೊಳೆಯಿತು. ಕಂಬಳಿಯ ಮೇಲಿನ ಸುಣ್ಣದ ಚುಕ್ಕೆ! ಅದು ಸಿಡಿದ ಸುಣ್ಣವಲ್ಲ, ಬಿಳಿ ಕಿವಿ. ಚಳಿಗೆ ಮರಿ ಅಜ್ಜಿಯ ಕಂಬಳಿಯೊಳಗೇ ನುಸುಳಿ ಮಲಗಿತ್ತು. ಮರಿ ಕಳೆದ ಮೇಲಿನ ಪ್ರತಿ ಚಿತ್ರದಲ್ಲೂ ಅದು ಅಲ್ಲೇ ಇತ್ತು. ಅಕ್ಕ ಇಷ್ಟು ಸಂತೆ ಕಾಪಾಡಿಕೊಂಡು ಬಂದ ಗುಟ್ಟು ಅದು. ಈಗ ಮರಿಯ ಜಾಗದಲ್ಲಿ ಪೊಟ್ಟಣ ಕೂತಿತ್ತು.

ಸೊಕ್ಕೆಯ ಅಜ್ಜ ಮಾತ್ರ ಲೋಟ ಮುಟ್ಟಿರಲಿಲ್ಲ. ಗೋಡೆಯನ್ನು ಆ ಕಡೆಯಿಂದ ಈ ಕಡೆಗೆ ನೋಡಿ, "ಅಲ್ಲ, ಮರಿ ಹುಡುಕಾಕೆ ಹೋದಾಕಿ ಚಾ ಕುಡಕೊಂತ ಕುಂತಾಳಲ್ಲ! ಮರಿ ಏನಾತು?" ಎಂದು ಕೇಳಿದ. ಜನ ಲೋಟ ಊದುತ್ತಲೇ ಇದ್ದರು. ಮತ್ತೆ ಕೇಳಿದ. ಅಪ್ಪ ನಗುತ್ತಾ, "ಅಷ್ಟೇ ಅಜ್ಜ, ಕಥೆ ಮುಗೀತು. ಒಂದು ಲೋಟ ಕುಡಿ" ಅಂದ. ಅಜ್ಜ ಕೋಲು ತೆಗೆದುಕೊಂಡು ಹೊರಟುಹೋದ.

ಅಕ್ಕ ಗಾಡಿಯಿಂದ ಇಳಿದು, ಅಷ್ಟೂ ಜನರ ನಡುವೆ ನಡೆದು ಅಪ್ಪನ ಎದುರು ನಿಂತಳು. ಅವಳ ಮುಖ ನೋಡಿ ಅಪ್ಪನ ನಗು ಆರಿತು. "ಹಂಗ್ಯಾಕೆ ನೋಡ್ತೀಯವ್ವ? ಗೋಡೆ ನಂದಲ್ವಾ? ನಿನ್ನ ಅಜ್ಜಿನ್ನೇ ಬರ್ಸೀನಲ್ಲ" ಅಂದ.

"ನಿಂಗೊಬ್ಬಂಗೇ ಹೇಳಿದ್ದೆ, ಅಪ್ಪಾ" ಅಂದಳು ಅಕ್ಕ. ಅಷ್ಟು ಹೇಳಿ ಒಳಗೆ ಹೋದಳು.

ಸಂತೆ ಮುಗಿದ ಮೇಲೆ ಒಂದು ಬುಟ್ಟಿ ಸಗಣಿ ತಂದು ಗೋಡೆಗೆ ರಪ್ಪನೆ ಬಳಿದಳು. ನಾನೂ ಬಳಿದೆ. ಬೆಳಗಾಗುವಷ್ಟರಲ್ಲಿ ಒಣಗಿ ಹಪ್ಪಳದಂತೆ ಉದುರಿತು. ಎಣ್ಣೆ ಬಣ್ಣದ ಅಜ್ಜಿ ಹಲ್ಲು ಕಿರಿಯುತ್ತಲೇ ಇದ್ದಳು. ಅಕ್ಕನ ಸುಣ್ಣ ಒಂದು ವಾರ ಬಾಳಿದರೆ ಹೆಚ್ಚು. ಆ ದರಿದ್ರ ಬಣ್ಣ ನಾನು ಮೀಸೆ ಬಿಡುವವರೆಗೂ ಇತ್ತು.

ಅಪ್ಪ ಆಮೇಲೆ ನಡುಮನೆಯ ಗೋಡೆಗೆ ತಾನೇ ಕೆಮ್ಮಣ್ಣು ಸಾರಿಸಿ, ಸುಣ್ಣ ಸೋಸಿ, ಹೊಸ ಕುಂಚ ಇಟ್ಟ. ಅಕ್ಕ ಅದನ್ನು ದಾಟಿಕೊಂಡು ನೀರಿಗೆ ಹೋದಳು. ಅಪ್ಪನಿಗೆ ಊಟ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಆದರೆ ಅವನ ಕಿವಿಯಲ್ಲಿ ಇನ್ನೊಂದು ಗುಟ್ಟು ಹೇಳಲಿಲ್ಲ. ಮದುವೆಯಾಗಿ ಹೊನ್ನಾಳಿಗೆ ಹೋದ ಮೇಲೆ ಹಬ್ಬಕ್ಕೆ ಹೊಸಿಲ ಮೇಲೆ ಎರಡು ಗೆರೆ ಎಳೆಯುತ್ತಿದ್ದಳು, ಅಷ್ಟೇ. ಅಪ್ಪ ಕೆಟ್ಟವನಲ್ಲ. ಅದಕ್ಕೇ ನನಗೆ ಅಷ್ಟು ನೋವು.

ಈಗ ನೀವು ಫೋನಿನಲ್ಲಿ ಚಿತ್ರ ಬರೆದು ಹಾಕುತ್ತೀರಿ. ಎಷ್ಟು ಜನ ನೋಡಿದರು ಅಂತ ಗಳಿಗೆಗೊಮ್ಮೆ ಇಣುಕುತ್ತೀರಿ. ನಿಮ್ಮನ್ನು ಕಂಡರೆ ಕಿಟಕಿಯ ಹಿಂದಿನ ಅಕ್ಕನೇ ಕಂಡ ಹಾಗಾಗುತ್ತದೆ. ನಡುವೆ ಸೋಪು, ಚಹಾ ಅಂತ ಜಾಹೀರಾತು ಬಂದರೆ ಬೈದುಕೊಂಡು ಬೆರಳಲ್ಲಿ ಒತ್ತಿ ಓಡಿಸುತ್ತೀರಿ. ಅಕ್ಕನಿಗೆ ಒತ್ತಲಿಕ್ಕೆ ಏನೂ ಇರಲಿಲ್ಲ. ಬರೆಯಿರಿ, ಚೆನ್ನಾಗಿ ಬರೆಯಿರಿ. ಆದರೆ ಆ ಗೋಡೆ ಯಾರದು ಅಂತ ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಕೆಲಸ ಇದೆ. ನಿಮ್ಮಲ್ಲಿ ಯಾರಾದರೂ ಯಾವಾಗಲಾದರೂ ಜಗಳೂರಿನ ಕಡೆ ಹೋದರೆ, ಅಲ್ಲಿ ಕುರಿ ಕಾಯುವವರು ಸಿಕ್ಕರೆ, ಅವರ ಮನೆಯಲ್ಲಿ ಹಿಂದೆ ಒಬ್ಬ ಅಜ್ಜ ನ್ಯಾಮತಿಯ ಗೋಡೆಯ ಕಥೆ ಹೇಳುತ್ತಿದ್ದನೋ ಏನೋ ಕೇಳಿ. ಹೌದು ಅಂದರೆ ಹೇಳಿಬಿಡಿ. ಮರಿ ಕಳೆದಿರಲಿಲ್ಲ, ಕಂಬಳಿಯಲ್ಲೇ ಮಲಗಿತ್ತು, ಅದರ ಕಿವಿ ಅವನ ಕಣ್ಣಿಗೂ ಬಿದ್ದಿತ್ತು ಅಂತ.