ದಾಳಿಂಬೆ ಸಿಪ್ಪೆಯಲ್ಲಿ ಚಹಾ

ಮೂರು ವರ್ಷ ತುಂಬಿದರೂ ನನ್ನ ಮಗಳು ಒಂದು ಮಾತೂ ಆಡಿರಲಿಲ್ಲ. ವಿಜಯಪುರದ ಡಾಕ್ಟರರು, ಕಿವಿ ಚೆನ್ನಾಗಿದೆ, ವಾರಕ್ಕೆ ಎರಡು ಸಲ ಮಾತಿನ ತರಬೇತಿಗೆ ಕರೆತನ್ನಿ ಎಂದಿದ್ದರು. ಕರೆದೊಯ್ಯುತ್ತಿದ್ದೆ. ಆದರೂ ಓಣಿಯಲ್ಲಿ ಅವಳ ವಾರಿಗೆಯ ಹುಡುಗಿ ಪಟಪಟ ಮಾತಾಡುವುದು ಕೇಳಿದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಸುಳ್ಳೇಕೆ ಹೇಳಲಿ?

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಪಾಠದಲ್ಲೊಂದು ಫೇರಿ ಬಂತು. "ಟೀಚರ್, ಹಂಗಂದ್ರ ರೆಕ್ಕಿ ಇರೋ ದೇವತೀನ್ರಿ?" ಎಂದು ಮಕ್ಕಳು ಕೇಳಿದರು. ಹೌದೆಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ, ಯಪ್ಪಾ, ಯುರೋಪಿನ ಹಳ್ಳಿಗರ ಫೇರಿಗಳು ಅಂಥ ಸಾಧುಗಳಲ್ಲ! ಹೆಸರೆತ್ತಿದರೆ ಸಿಟ್ಟಂತೆ, ಅದಕ್ಕೇ ಜನ 'ಒಳ್ಳೆಯವರು' ಎನ್ನುತ್ತಿದ್ದರಂತೆ. ಕಬ್ಬಿಣಕ್ಕೆ ಹೆದರುತ್ತವೆಂದು ತೊಟ್ಟಿಲಲ್ಲಿ ಕತ್ತರಿ ಇಡುತ್ತಿದ್ದರಂತೆ. ನಮ್ಮತ್ತೆಯೂ ನನ್ನ ಕೂಸಿನ ತಲೆದಿಂಬಿನ ಕೆಳಗೆ ಅಡಕತ್ತರಿ ಇಟ್ಟಿದ್ದರಲ್ಲ! ಅಷ್ಟು ದೂರದವರಿಗೂ ಬಿಜ್ಜರಗಿಯ ನಮ್ಮತ್ತೆಗೂ ಒಂದೇ ಬುದ್ಧಿ ಯಾರು ಹೇಳಿಕೊಟ್ಟರೋ. ಓದುತ್ತಲೇ ಹೋದೆ.

ಆಗ ಆ ಕಥೆ ಸಿಕ್ಕಿತು. ಫೇರಿಗಳು ಮನುಷ್ಯರ ಕೂಸನ್ನು ಒಯ್ದು, ತಮ್ಮದನ್ನು ತೊಟ್ಟಿಲಲ್ಲಿ ಬಿಟ್ಟು ಹೋಗುತ್ತವೆ. ಅದು ಮಾತಾಡುವುದಿಲ್ಲ. ತಾಯಿ ಅದರೆದುರು ತತ್ತಿಯ ಓಡಿನಲ್ಲಿ ಅಡುಗೆ ಮಾಡಬೇಕು. ಆ ವಿಚಿತ್ರ ಕಂಡು ಅದು ಬಾಯಿಬಿಡುತ್ತದೆ, ಗುಟ್ಟು ರಟ್ಟಾಗುತ್ತದೆ, ನಿಜವಾದ ಕೂಸು ಮರಳಿ ಬರುತ್ತದೆ.

ನಂಬಿದೆನೆ? ಇಲ್ಲ. ಆದರೆ ಕಂಡ ಕಂಡ ಕಲ್ಲಿಗೆಲ್ಲ ಕೈಮುಗಿದವಳು, ಇದೊಂದನ್ನು ಯಾಕೆ ಬಿಡಲಿ? ನಮ್ಮದು ತತ್ತಿ ಹೊಸಿಲು ದಾಟದ ಮನೆ. ಪುಣ್ಯಕ್ಕೆ, ಎಂಟು ದಿನ ಇರಲು ಬಂದ ಅತ್ತೆ ಊರಿಂದ ದಾಳಿಂಬೆ ತಂದಿದ್ದರು. ಭಾನುವಾರ ಬೆಳಿಗ್ಗೆ ತತ್ತಿಯ ಓಡಿನ ಬದಲು, ಕಾಳು ಬಿಡಿಸಿದ ನಾಲ್ಕು ಅರ್ಧ ಸಿಪ್ಪೆಗಳಿಗೆ ನೀರು, ಚಹಾಪುಡಿ ಹಾಕಿ, ಹಂಚಿನ ಮೇಲಿಟ್ಟು ಗ್ಯಾಸ್ ಹಚ್ಚಿದೆ. ಮಗಳನ್ನು ಪಕ್ಕದ ಕಟ್ಟೆಯ ಮೇಲೆ ಕೂರಿಸಿದೆ. ಕಣ್ಣರಳಿಸಿ ನೋಡಿದಳು. ಮಾತಿಲ್ಲ.

"ಏನ ನಡಸೀದಿಯವ್ವಾ ಇದು? ಹುಚ್ಚ ಹಿಡದೈತೇನ?" ಎನ್ನುತ್ತ ಅತ್ತೆ ಒಳಬಂದರು.

"ಈಕಿ ಮಾತಾಡಲಿ ಅಂತ ಮಾಡಾಕತ್ತೇನ್ರಿ," ಎಂದು ಕಥೆಯನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಒಯ್ದ ಕೂಸು ತಿರುಗಿ ಬಂದ್ರ, ಈಕಿ ಎಲ್ಲಿಗಿ ಹೋಗಬೇಕ?" ಎಂದರು.

ಕಥೆಗಳಲ್ಲಿ ಫೇರಿಗಳು ಬಿಟ್ಟುಹೋದ ಕೂಸನ್ನು ಹೊಡೆಯುತ್ತಾರೆ, ಹೊಲದಲ್ಲಿ ಬಿಟ್ಟು ಬರುತ್ತಾರೆ. ಅದನ್ನೂ ಓದಿದ್ದೆ, ಓದಿ ಮುಂದಿನ ಸಾಲಿಗೆ ಹೋಗಿದ್ದೆ. ಗ್ಯಾಸ್ ಆರಿಸಿದೆ.

ಸಿಪ್ಪೆ ಆರಿದ ಮೇಲೆ ಮಗಳು ಒಂದನ್ನು ಎರಡೂ ಕೈಯಿಂದ ಎತ್ತಿ ಅಜ್ಜಿಗೆ ಕೊಟ್ಟಳು. ಇನ್ನೊಂದು ನನಗೆ. ಮತ್ತೊಂದನ್ನು ತಾನಿಟ್ಟುಕೊಂಡು, ನಾನು ಕುಡಿಯುವವರೆಗೂ ನನ್ನ ಮುಖವನ್ನೇ ನೋಡುತ್ತ ಕುಳಿತಳು. ಒಗರೆಂದರೆ ಒಗರು! ಎಲ್ಲಾ ಕುಡಿದೆ. ಅಳು ತಡೆಯಲಾಗಲಿಲ್ಲ. ಇವಳನ್ನು ಎದುರಿಗಿಟ್ಟುಕೊಂಡು ಮೂರು ವರ್ಷ ನಾನು ಯಾರ ದಾರಿ ಕಾಯುತ್ತಿದ್ದೆ?